ಹುಟ್ಟುವ ಮೊದಲೇ ಬಂದ ಅಕ್ಷರ

“ಈ ಅಕ್ಷರ ಆಗಿನ್ನೂ ಹುಟ್ಟೇ ಇರಲಿಲ್ಲ ಆಂಟಿ!”

ಸಿಂಚನಾ ಲ್ಯಾಪ್‌ಟಾಪನ್ನು ತಿರುಗಿಸಿದ ರಭಸಕ್ಕೆ ಮೇಜಿನ ಮೇಲಿದ್ದ ಕಾಫಿ ಲೋಟ ಅಲುಗಿತು. ಗಂಗವ್ವ ಹೊಸಮನಿ ಮೊದಲು ಲೋಟ ಹಿಡಿದಳು, ಆಮೇಲೆ ಕನ್ನಡಕ ಹಾಕಿಕೊಂಡಳು. ಹದಿನೇಳು ವರ್ಷ ಟೆಕ್ಸಾಸಿನಲ್ಲಿ ಲೈಸೆನ್ಸ್ ಪಡೆದ ಪತ್ತೇದಾರಳಾಗಿ ಆಕೆ ಕಲಿತ ಪಾಠವೆಂದರೆ, ಸಾಕ್ಷಿ ಎಲ್ಲಿಗೂ ಓಡಿಹೋಗುವುದಿಲ್ಲ, ಕಾಫಿ ಮಾತ್ರ ಚೆಲ್ಲುತ್ತದೆ.

ಪರದೆಯ ಮೇಲಿದ್ದದ್ದು ಇಷ್ಟೆಲ್ಲ ರಂಪಕ್ಕೆ ಕಾರಣವಾದ ಪತ್ರ. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರ ಲಿಪಿಯಲ್ಲಿ ಟೈಪ್ ಮಾಡಿದ ಹನ್ನೆರಡು ಸಾಲು, ಕೆಳಗೆ ಆ ಜನಾಂಗದ ಆಮೋಸ್ ಕೆಚರ್ ಎಂಬಾತನ ಹೆಸರು, ಏಪ್ರಿಲ್ 2012ರ ತಾರೀಖು. ನಮ್ಮ ಅಜ್ಜಿಯ ಕೈಬರಹದ ಪುಸ್ತಕವನ್ನು ಚಿದಾನಂದ್ ದೇಸಾಯಿ ಅವರಿಗೆ ಶಾಶ್ವತವಾಗಿ ಕೊಟ್ಟಿದ್ದೇನೆ ಎಂಬುದು ಅದರ ಸಾರ.

ಆಮೋಸನ ಅಕ್ಕನಿಂದ ಎರವಲು ತಂದಿದ್ದ ಆ ಪುಸ್ತಕ ಮೂರು ವಾರದ ಹಿಂದೆ ಆಸ್ಟಿನ್‌ನಲ್ಲಿರುವ ಚಿದಾನಂದ್ ಅವರ ಫಾಂಟ್ ಕಂಪನಿಯ ಬೀರುವಿನಿಂದ ಮಾಯವಾಗಿತ್ತು. ಬೀರುವಿನ ಕೀಲಿ ಇದ್ದದ್ದು ಇಬ್ಬರ ಹತ್ತಿರ. ಒಬ್ಬರು ಮಾಲೀಕ, ಇನ್ನೊಬ್ಬಳು ಅಲ್ಲಿ ಫಾಂಟ್ ಮಾಡುವ ಮೈಸೂರಿನ ಸಿಂಚನಾ. ಈಗ ಚಿದಾನಂದ್ ಮುಂದಿಟ್ಟಿರುವ ಈ ಪತ್ರ ನಿಜವಾದರೆ ಪುಸ್ತಕ ಅವರದೇ. ತನ್ನ ವಸ್ತುವನ್ನು ತಾನೇ ಯಾರೂ ಕದಿಯುವುದಿಲ್ಲ. ಹಾಗಾಗಿ ಕಳ್ಳಿ ಯಾರು ಎಂದು ಆಫೀಸಿನಲ್ಲಿ ಎಲ್ಲರೂ ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಇವತ್ತು ಶುಕ್ರವಾರ. ಸಂಜೆ ಐದಕ್ಕೆ ಕಂಪನಿ ಪೊಲೀಸರಿಗೆ ದೂರು ಕೊಟ್ಟು ಸಿಂಚನಾಳನ್ನು ಕೆಲಸದಿಂದ ತೆಗೆಯುತ್ತದೆ. ಕೆಲಸ ಹೋದರೆ ವೀಸಾ ಹೋಯಿತು. ಅರವತ್ತು ದಿನದಲ್ಲಿ ದೇಶ ಬಿಡಬೇಕು, ಅದೂ ಕಳ್ಳಿ ಎಂಬ ಹೆಸರು ಹೊತ್ತು. ಪತ್ರ ಖೋಟಾ ಎಂದು ಗಂಗವ್ವನ ವರದಿ ಐದರೊಳಗೆ ಸಿಕ್ಕಿದರೆ ಎಲ್ಲವನ್ನೂ ತಡೆಯುತ್ತೇನೆ ಎಂದು ಸಿಂಚನಾಳ ವಕೀಲ ಭಾಸ್ಕರ ಮಾತು ಕೊಟ್ಟಿದ್ದ.

“ನನಗ ತಿಳಿಯೂ ಹಂಗ ಹೇಳು,” ಎಂದಳು ಗಂಗವ್ವ.

“ಪ್ರತಿ ಅಕ್ಷರಕ್ಕೂ ಯೂನಿಕೋಡ್ ಅನ್ನೋ ಪಟ್ಟೀಲಿ ಒಂದು ನಂಬರ್ ಇರತ್ತೆ ಆಂಟಿ. ಕನ್ನಡದ ‘ಕ’ಗೂ ಇದೆ. ಕಂಪ್ಯೂಟರ್‌ಗೆ ಅಕ್ಷರ ಅಂದ್ರೆ ಆ ನಂಬರ್ ಅಷ್ಟೇ.”

“ಹೊಲಕ್ಕ ಸರ್ವೇ ನಂಬರ್ ಇದ್ದಂಗ.”

“ಹಾಂ, ಹಂಗೇ. ಚೆರೋಕೀಲಿ ನಮ್ಮ ಥರ ಕಾಗುಣಿತ ಇಲ್ಲ. ಒಂದೊಂದು ಉಚ್ಚಾರಕ್ಕೂ ಒಂದೊಂದು ಪೂರ್ತಿ ಅಕ್ಷರ. ಮೊದಲು ಎಂಬತ್ತಾರು ಇತ್ತಂತೆ. ಅದ್ರಲ್ಲಿ ಒಂದನ್ನ ಬಳಸೋದೇ ಬಿಟ್ಟುಬಿಟ್ರು. ಎಂ-ವಿ ಅಂತ ಪಟ್ಟೀಲಿ ಅದರ ಹೆಸರು. ಮಿಕ್ಕ ಎಂಬತ್ತೈದಕ್ಕೆ ಯಾವಾಗಲೋ ನಂಬರ್ ಸಿಕ್ಕಿತ್ತು. ಇದಕ್ಕೆ ಸಿಕ್ಕಿದ್ದು 2015ರ ಜೂನ್‌ನಲ್ಲಿ.”

ಅವಳ ಬೆರಳು ಪತ್ರದ ಐದನೆಯ ಸಾಲಿನ ಮೇಲೆ ನಿಂತಿತು. Ᏽ. ಆಮೋಸನ ಅಜ್ಜಿಯ ಹೆಸರು ಶುರುವಾಗುವುದೇ ಈ ಅಕ್ಷರದಿಂದ. ಇಡೀ ಪತ್ರದಲ್ಲಿ ಇನ್ನೆಲ್ಲೂ ಇದು ಇರಲಿಲ್ಲ.

“ಆಮೋಸ್ ತೀರಿಕೊಂಡದ್ದು ಯಾವಾಗ?”

“2014, ನವೆಂಬರ್.”

ಗಂಗವ್ವ ಬೆರಳು ಮಡಿಸಿ ಎಣಿಸಿದಳು. ಬರೆದವನು ಮಣ್ಣಿಗೆ ಸೇರಿ ಏಳು ತಿಂಗಳಾದ ಮೇಲೆ ಅಕ್ಷರಕ್ಕೆ ನಂಬರ್ ಬಂದಿದೆ. ಹಿಂದಿನ ವಾರ ಡಲ್ಲಾಸ್‌ಗೆ ಹೋಗಿದ್ದಾಗ ಆಮೋಸನ ಅಕ್ಕ, ಎಂಬತ್ತೊಂದು ವರ್ಷದ ರುತ್ ಕೆಚರ್ ಹೇಳಿದ್ದು ಇದಕ್ಕೆ ಸರಿಯಾಗಿ ಹೊಂದುತ್ತಿತ್ತು. ಆಮೋಸ್ ಕಂಪ್ಯೂಟರಿನಲ್ಲಿ ಬರೆಯುವಾಗ ಅಜ್ಜಿಯ ಹೆಸರಿಗೆ ಜಾಗ ಬಿಡುತ್ತಿದ್ದ, ಪ್ರಿಂಟ್ ತೆಗೆದ ಮೇಲೆ ಆ ಅಕ್ಷರವನ್ನು ಪೆನ್ನಿನಿಂದ ತುಂಬುತ್ತಿದ್ದ. ಗದಗಿನ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ತನ್ನ ಅಪ್ಪನೂ, ಮೊಳೆ ಇಲ್ಲದ ಅಕ್ಷರಕ್ಕೆ ಹಾಗೇ ಜಾಗ ಬಿಡುತ್ತಿದ್ದದ್ದು ಗಂಗವ್ವನಿಗೆ ನೆನಪಾಗಿ ಆಕೆಗೆ ಆಮೋಸನ ಮೇಲೆ ಅಕ್ಕರೆ ಹುಟ್ಟಿತ್ತು.

“ಇನ್ನೊಂದು ಸಲ ಕೇಳ್ತೀನಿ, ಸಿಟ್ಟಾಗಬ್ಯಾಡ. ರುತ್‌ನ ನೀ ಎಂದಾರ ಭೆಟ್ಟಿ ಆಗೀಯೇನು?”

“ಇಲ್ಲ ಆಂಟಿ. ಇಮೇಲ್ ಅಷ್ಟೇ. ಡಲ್ಲಾಸ್‌ಗೆ ನಾನು ಹೋಗೇ ಇಲ್ಲ.” ಸಿಂಚನಾಳ ಕಣ್ಣು ತುಂಬಿತು. “ಅಮ್ಮಂಗೆ ಇನ್ನೂ ಏನೂ ಹೇಳಿಲ್ಲ. ಸಂಜೆ ಫೋನ್ ಮಾಡ್ತಾರೆ. ಏನಂತ ಹೇಳ್ಲಿ?”

ಗಂಗವ್ವ ಕಾರಿನ ಕೀ ತೆಗೆದುಕೊಂಡಳು. ಆ ಹುಡುಗಿಯ ಮೇಲೆ ಆಕೆಗೆ ನಿಜವಾಗಿ ಮರುಕವಿತ್ತು. ಮರುಕ ಬಂದಾಗ ಮಾತು ಕಡಿಮೆ ಮಾಡುವುದು ಆಕೆಯ ಅಭ್ಯಾಸ.

ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಿಂದ ಚಿದಾನಂದ್ ಅವರ ಮನೆಯಿರುವ ಫುಲ್‌ಶೀರ್‌ಗೆ ಕಾರಿನಲ್ಲಿ ಎರಡೂವರೆ ತಾಸು. ಚಿದಾನಂದ್ ದೇಸಾಯಿ ವಾರಕ್ಕೆ ಮೂರು ದಿನ ಆಸ್ಟಿನ್ ಆಫೀಸಿನಲ್ಲಿರುತ್ತಾರೆ, ಶುಕ್ರವಾರ ಮಾತ್ರ ತಪ್ಪದೆ ಮನೆಯಲ್ಲಿ. ಹೊಸ ಬಡಾವಣೆ, ಒಂದೇ ಅಚ್ಚಿನಲ್ಲಿ ಒತ್ತಿದಂಥ ಮನೆಗಳು. ಗಂಗವ್ವ ಎರಡು ಸಲ ತಪ್ಪು ಮನೆಯ ಗಂಟೆ ಒತ್ತಿದಳು. ಎರಡನೆಯ ಮನೆಯವರು ತೆಲುಗಿನವರು, ಊಟ ಮಾಡಿಯೇ ಹೋಗಬೇಕೆಂದು ಹಟ ಹಿಡಿದರು.

ಮೂರನೆಯ ಬಾಗಿಲು ತೆರೆದದ್ದು ಸ್ವತಃ ಚಿದಾನಂದ್. ಇಸ್ತ್ರಿ ಮಾಡಿದ ಜುಬ್ಬಾ, ಧಾರವಾಡದ ನಗು.

“ಬರ್ರಿ ಅಕ್ಕಾರ, ಬರ್ರಿ. ಕುಂದರ್ರಿ. ಚಹಾ ತಗೋತೀರಲ್ಲ?”

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರೇ ಚಹಾ ಮಾಡಿ ತಂದರು, ಜೊತೆಗೆ ಅವಲಕ್ಕಿ ಚೂಡಾ. ಬಸಿಯಲ್ಲಿದ್ದ ಕಪ್ಪು ಸದ್ದು ಮಾಡಲಿಲ್ಲ. ಗಂಗವ್ವ ಅದನ್ನು ಗಮನಿಸಿದಳು.

“ದೇಸಾಯರ, ನೇರ ಕೇಳ್ತೀನ್ರಿ. ಆಮೋಸನ ಪತ್ರದಾಗ ಒಂದು ಅಕ್ಷರ ಐತಿ. ಆ ಅಕ್ಷರಕ್ಕ ನಂಬರ್ ಬಂದಿದ್ದು 2015ರಾಗ. ಪತ್ರ 2012ರದು. ಇದು ಹೆಂಗ್ರಿ?”

ಚಿದಾನಂದ್ ಜೋರಾಗಿ ನಕ್ಕುಬಿಟ್ಟರು.

“ಇಷ್ಟಕ್ಕ ಇಷ್ಟು ದೂರ ಬಂದ್ರಿ? ಫೋನಿನಾಗ ಕೇಳಿದ್ರ ಹೇಳ್ತಿದ್ನಲ್ರಿ. ಎರಡು ವರ್ಷದ ಹಿಂದ ನಮ್ಮ ಹಳೇ ಫೈಲ್ ಎಲ್ಲಾ ಹೊಸಾ ನಂಬರಿಗೆ ಕನ್ವರ್ಟ್ ಮಾಡಿಸೇನಿ. ಎಲ್ಲೆಲ್ಲಿ ಜಾಗ ಖಾಲಿ ಇತ್ತು ಅಲ್ಲೆಲ್ಲಾ ಆ ಅಕ್ಷರ ತುಂಬಿಸೇನಿ. ಮಾಡಿದಾಕಿ ಯಾರು ಅಂತೀರಿ?”

ಗಂಗವ್ವ ಚೂಡಾದ ಬಟ್ಟಲು ಕೆಳಗಿಟ್ಟಳು.

“ಸಿಂಚನಾ. ಆಕಿ ಹೇಳಲಿಲ್ಲೇನು ನಿಮಗ?”

ಹೇಳಿರಲಿಲ್ಲ. ಎರಡು ವಾರದಲ್ಲಿ ನಾಲ್ಕು ಸಲ ಎದುರು ಕೂತು ಮಾತಾಡಿದ್ದಳು, ಈ ವಿಷಯದ ಉಸಿರೇ ಎತ್ತಿರಲಿಲ್ಲ. ಮರೆತಿರಬಹುದು. ಆದರೆ ಅಕ್ಷರಗಳು ಹುಟ್ಟಿದ ತಿಂಗಳನ್ನೂ ನೆನಪಿಟ್ಟುಕೊಳ್ಳುವ ಹುಡುಗಿ ತಾನೇ ಮಾಡಿದ ಕೆಲಸವನ್ನು ಮರೆಯುತ್ತಾಳೆಯೇ?

ಬೆಳಿಗ್ಗೆ ಗಟ್ಟಿಯಾಗಿ ಕಂಡ ಸಾಕ್ಷಿ ಚಹಾ ಆರುವುದರೊಳಗೆ ಕರಗಿಹೋಗಿತ್ತು. ಗಂಗವ್ವ ಮುಖದ ಮೇಲೆ ಅದನ್ನು ಬಿಟ್ಟುಕೊಡಲಿಲ್ಲ.

“ಆತ್ರಿ, ಅದನ್ನ ಬಿಡೋಣು. ಆಮೋಸ್ ನಿಮಗ ಹೆಂಗ ಪರಿಚಯ?”

“ಪರಿಚಯ ಏನು ಬಂತು, ಗುರುಗಳು ಅನ್ರಿ! 2012ರಾಗ ಮೂರು ತಿಂಗಳು, ಪ್ರತಿ ಶನಿವಾರ ಡಲ್ಲಾಸ್‌ಗೆ ಡ್ರೈವ್ ಮಾಡಿ ಅವರ ಮುಂದ ಕೂತು ಲಿಪಿ ಕಲತೇನಿ. ಅವರು ಉಚ್ಚಾರ ಮಾಡಬೇಕು, ನಾ ಬರಕೋಬೇಕು. ಅದಕ್ಕ ಖುಷಿಯಾಗಿ ಪುಸ್ತಕ ಕೊಟ್ರು.”

“ಮತ್ತ ರುತ್ ಕಡೆಯಿಂದ ಎರವಲು ತಂದದ್ದು?”

“ಪುಸ್ತಕ ಆಕಿ ಮನ್ಯಾಗ ಇತ್ತಲ್ರಿ. ವಯಸ್ಸಾದ ಹೆಣಮಗಳು, ಜಗಳಾ ಯಾಕ ಅಂತ ಎರವಲು ಅಂದೆ.”

ಈ ಉತ್ತರದಲ್ಲಿ ಗಂಗವ್ವನಿಗೆ ಒಂದು ವಿಷಯ ತಟ್ಟಿತು. ಪುಸ್ತಕದ ಕೈಬರಹದಿಂದ ಚಿದಾನಂದ್ ಒಂದು ಫಾಂಟ್ ಮಾಡಿಸುತ್ತಿದ್ದರು. ಅದನ್ನು ಹೊರಗೆ ಬಿಡಲು ರುತ್ ಅವರ ಒಪ್ಪಿಗೆ ಬೇಕಿತ್ತು. ಅಜ್ಜಿಯ ಕೈಬರಹವನ್ನು ಊರೆಲ್ಲ ಬಳಸುವುದು ಬೇಡವೆಂದು ಮುದುಕಿ ಹಿಂದೇಟು ಹಾಕಿದ್ದರು. ಪುಸ್ತಕ ಚಿದಾನಂದ್ ಅವರದೇ ಆದರೆ ಯಾರ ಒಪ್ಪಿಗೆಯೂ ಬೇಕಿಲ್ಲ.

“ನೀವು ಬರಕೊಂಡದ್ದು ಇನ್ನೂ ಐತೇನ್ರಿ?”

“ಇಲ್ಲದೇನು?”

ಕೇಳಿದ್ದೇ ತಡ, ಎದ್ದು ಹೋಗಿ ತಂದೇ ಬಿಟ್ಟರು. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಂತಿತ್ತು. ಹಳದಿ ಹಾಳೆಯ ನೋಟ್‌ಬುಕ್ಕು, ಪೆನ್ಸಿಲಿನ ಬರಹ. ಎಡಕ್ಕೆ ಚೆರೋಕಿ ಅಕ್ಷರ, ಬಲಕ್ಕೆ ಕನ್ನಡದಲ್ಲಿ ಅದರ ಉಚ್ಚಾರ, ಮೇಲೆ 2012ರ ತಾರೀಖುಗಳು.

“ಇಂಗ್ಲಿಷಿನಾಗ ಬರಿಯಲಿಲ್ಲ ನೋಡ್ರಿ,” ಚಿದಾನಂದ್ ಎದೆಯುಬ್ಬಿಸಿದರು. “ಕೇಳಿದ್ದನ್ನ ಕೇಳಿದಂಗ ಬರೀಲಿಕ್ಕೆ ನಮ್ಮ ಕನ್ನಡದಂಥಾ ಲಿಪಿ ಇನ್ನೊಂದಿಲ್ಲ.”

ಗಂಗವ್ವ ಹಾಳೆ ತಿರುವಿದಳು. ಒಂದೊಂದು ಸಾಲಿನಲ್ಲಿ ಆರಾರು ಅಕ್ಷರ. ಗ, ಗೆ, ಗಿ, ಗೊ, ಗು, ಗ್ವ. ಲ, ಲೆ, ಲಿ, ಲೊ, ಲು, ಲ್ವ. ಅಚ್ಚುಕಟ್ಟಾಗಿತ್ತು. ಮ ಸಾಲಿನ ಕೊನೆಗೆ ಆ ಅಕ್ಷರ, ಅದರ ಪಕ್ಕದಲ್ಲಿ ದುಂಡಗೆ ‘ಮ್ವ’.

ಆಕೆ ಆ ‘ಮ್ವ’ವನ್ನೇ ಬಹಳ ಹೊತ್ತು ನೋಡಿದಳು.

“ಇದನ್ನೊಮ್ಮೆ ಓದ್ರಿ ದೇಸಾಯರ. ಆಮೋಸ್ ಹೆಂಗ ಅಂತಿದ್ರೋ ಹಂಗ.”

“ಮ, ಮೆ, ಮಿ, ಮೊ, ಮು, ಮ್ವ.” ಶಾಲೆಯ ಹುಡುಗನಂತೆ ಒಪ್ಪಿಸಿದರು.

“ಇನ್ನೊಮ್ಮೆ ಕಡೀದು?”

“ಮ್ವ. ಮಕಾರಕ್ಕ ವ ಒತ್ತು.”

ಗಂಗವ್ವ ಫೋನ್ ತೆಗೆದು ರುತ್ ಕೆಚರ್‌ಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದಳು. ಡಲ್ಲಾಸ್‌ನ ಓಕ್ ಕ್ಲಿಫ್‌ನ ಆ ಪುಟ್ಟ ಮನೆಯಲ್ಲಿ ಮುದುಕಿ ಹತ್ತಿರವೇ ಕೂತಿದ್ದಿರಬೇಕು, ಎರಡನೆಯ ರಿಂಗಿಗೇ ಎತ್ತಿಕೊಂಡರು. ಗಂಗವ್ವ ಇಂಗ್ಲಿಷಿನಲ್ಲಿ ಕ್ಷೇಮ ವಿಚಾರಿಸಿ, ಮ ಸಾಲನ್ನು ಒಮ್ಮೆ ಹೇಳುತ್ತೀರಾ ಎಂದು ಕೇಳಿದಳು.

ಒಡಕು ದನಿ ನಿಧಾನವಾಗಿ ಕೋಣೆಯನ್ನು ತುಂಬಿತು. ಮ. ಮೆ. ಮಿ. ಮೊ. ಮು. ಆಮೇಲೆ ಕೊನೆಯದು, ಅರ್ಧ ಗಂಟಲಲ್ಲಿ ಅರ್ಧ ಮೂಗಿನಲ್ಲಿ. ಅದರಲ್ಲಿ ವ ಎಂಬುದರ ಸುಳಿವೇ ಇರಲಿಲ್ಲ. ಕನ್ನಡದ ಕಿವಿಯಿರುವ ಯಾರೇ ಕೇಳಿದರೂ ಒಂದೇ ರೀತಿ ಬರೆಯುತ್ತಿದ್ದರು.

“ಮಂ,” ಎಂದಳು ಗಂಗವ್ವ. “ಸೊನ್ನಿ ಇಟ್ಟು ಬರಿಯೂದ್ರಿ ದೇಸಾಯರ. ಒಂದನೇತ್ತೆ ಹುಡುಗೂರೂ ಬರೀತಾವ.”

ಚಿದಾನಂದ್ ಬಗ್ಗಿ ಆ ಸಾಲನ್ನು ಮತ್ತೊಮ್ಮೆ ನೋಡಿದರು.

“ಇಂಗ್ಲಿಷ್ ಚಾರ್ಟಿನಾಗ ಆ ಮೂಗಿನ ಸ್ವರಕ್ಕ ವಿ ಅಂತ ಬರೀತಾರ. ಅಮೆರಿಕದವರು ನಕಲು ಮಾಡಿದ್ರ ವಿ ಅಂತನ ಮಾಡ್ತಿದ್ರು, ಸಿಕ್ಕಿ ಬೀಳ್ತಿರಲಿಲ್ಲ. ನೀವು ಕನ್ನಡದವರು. ಎಂ ನೋಡಿ ಮ ಮಾಡಿದ್ರಿ, ವಿ ನೋಡಿ ಕೆಳಗ ವ ಒತ್ತು ಕೊಟ್ರಿ. ಇದು ಕಿವಿಲೆ ಕೇಳಿ ಬರೆದ ಬುಕ್ ಅಲ್ರಿ, ಕಣ್ಣಿಲೆ ನೋಡಿ ಬರೆದದ್ದು.”

“ಹದಿಮೂರು ವರ್ಷ ಆತ್ರಿ ಅಕ್ಕಾರ. ಕಿವಿ ಮರೀತದ.”

“ಕಿವಿ ಮರೀಲಿ. ಅವತ್ತ ಬರೆದ ಪೆನ್ಸಿಲೂ ಮರೀತೇನ್ರಿ?”

ಈಗ ಕಪ್ಪು ಸದ್ದು ಮಾಡಿತು. ಚಿದಾನಂದ್ ಅದನ್ನು ಮೇಜಿನ ಮೇಲಿಟ್ಟು ಎರಡೂ ಕೈಯನ್ನು ಮಡಿಲಲ್ಲಿ ಅಡಗಿಸಿಕೊಂಡರು. ಸ್ವಲ್ಪ ಹೊತ್ತಿನ ಮೊದಲಿದ್ದ ಮಾಲೀಕನ ಠೀವಿ ಪೂರ್ತಿ ಇಳಿದುಹೋಗಿತ್ತು.

“ಆಮೋಸನ್ನ ನಾ ನೋಡೇ ಇಲ್ರಿ,” ಎಂದರು ಕೊನೆಗೆ. “ಈ ಬುಕ್ ಬರದದ್ದು ಹೋದ ವಾರ.”

“ಪತ್ರ?”

“ಪತ್ರ ನಾ ಬರದಿಲ್ಲ. ನನ್ನ ಮಗಳ ಆಣಿ. ಪುಸ್ತಕ ಕಾಣೆಯಾದ ಮರುದಿನ ಹಳೇ ಫೈಲ್ ಹುಡುಕುವಾಗ ಸಿಕ್ತು. ನನ್ನ ಹೆಸರಿಗೇ ಇತ್ತು. ಯಾರು ಇಟ್ರು ಅಂತ ಕೇಳಲಿಕ್ಕೆ ಹೋಗಲಿಲ್ಲ. ಬಾಯಿಗೆ ಬಂದ ತುತ್ತು ಯಾರರ ಬಿಡ್ತಾರೇನ್ರಿ?”

“ನಂಬಲಿ ಹೆಂಗ?”

“ನೀವ ಹೇಳಿದ್ರಲ್ಲ ಈಗ! ಒಂದು ಅಕ್ಷರ ನೆಟ್ಟಗ ಅನ್ನಲಿಕ್ಕೆ ಬರಂಗಿಲ್ಲ ನನಗ. ಹನ್ನೆರಡು ಸಾಲಿನ ಪತ್ರ ಹೆಂಗ ಬರೀಲಿ?”

ಈ ಸಲ ಆ ಮನುಷ್ಯ ನಿಜ ಹೇಳುತ್ತಿದ್ದ. ಪತ್ರದ ಭಾಷೆಯಲ್ಲಿ ಒಂದು ತಪ್ಪೂ ಇಲ್ಲ, ನಮ್ಮ ಮನೆಯ ಮಾತಿನ ರೀತಿಯೇ ಇದೆ ಎಂದು ರುತ್ ಅವರೇ ಹೇಳಿದ್ದರು. ಆ ಮನೆಯ ಮಾತನ್ನು ಕಿವಿಯಾರೆ ಕೇಳಿದವರು ಮಾತ್ರ ಹಾಗೆ ಬರೆಯಬಲ್ಲರು. ತಾನು ಚಿದಾನಂದ್ ಅವರನ್ನು ಹಿಡಿಯಲು ಹಾಕಿದ ಬಲೆಯಿಂದ ಅವರನ್ನು ತಾನೇ ಬಿಡಿಸಿದ್ದಳು.

ಫೋನ್ ಇನ್ನೂ ಆನ್ ಇತ್ತು. ಕನ್ನಡ ಬಾರದ ರುತ್ ಇಷ್ಟು ಹೊತ್ತೂ ತಾಳ್ಮೆಯಿಂದ ಕಾದಿದ್ದರು.

“ಮಿಸೆಸ್ ಕೆಚರ್,” ಗಂಗವ್ವ ಇಂಗ್ಲಿಷಿಗೆ ತಿರುಗಿದಳು. “ನಿಮ್ಮ ಮನೆಯ ಭಾಷೆಯನ್ನು ಹೊರಗಿನವರು ಯಾರಾದರೂ ನಿಮ್ಮಿಂದ ಕಲಿತಿದ್ದಾರೆಯೇ?”

“ಈಗಿನ ಕಾಲದಲ್ಲಿ ಯಾರು ಕಲಿಯುತ್ತಾರೆ? ಒಬ್ಬಳೇ ಒಬ್ಬಳು.” ಮುದುಕಿಯ ದನಿಯಲ್ಲಿ ನಗುವಿತ್ತು. “ನಿಮ್ಮ ಹುಡುಗಿ. ಹೋದ ವರ್ಷ ಚಳಿಗಾಲದಿಂದ ಬೇಸಿಗೆಯವರೆಗೂ ಪ್ರತಿ ಭಾನುವಾರ ಬಂದಳು. ನನ್ನ ಅಡುಗೆಮನೆಯ ಮೇಜಿನ ಹತ್ತಿರ ಕೂತು, ಅಜ್ಜಿಯ ಆ ಅಕ್ಷರವನ್ನು ಸರಿಯಾಗಿ ಬರುವ ತನಕ ನನ್ನ ಬಾಯಿಂದ ಹೇಳಿಸುತ್ತಿದ್ದಳು. ಕೊನೆಗೆ ನನಗಿಂತ ಚೆನ್ನಾಗಿ ಹೇಳಿದಳು. ಅದೇ ಸಿಂಚನಾ. ನಿಮಗೆ ಹೇಳಿರಬೇಕಲ್ಲ?”

“ಹೋದ ವಾರ ನೀವು ಹೇಳಲಿಲ್ಲ.”

“ನೀವು ಕೇಳಲಿಲ್ಲ.”

ಗಂಗವ್ವ ಕರೆ ಮುಗಿಸಿದಳು. ಎದುರಿಗೆ ಚಿದಾನಂದ್ ತಲೆಯೆತ್ತಿದ್ದರು. ಮುಖಕ್ಕೆ ಬಣ್ಣ ಮರಳಿ ಬಂದಿತ್ತು.

“ಅಕ್ಕಾರ,” ಎಂದರು ಮೆಲ್ಲಗೆ, “ನಿಮ್ಮ ವರದಿಯೊಳಗ ಈಗ ಯಾರ ಹೆಸರು ಬರೀತೀರಿ?”

ಆಕೆ ಹಳದಿ ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡು, ಹೋಗಿ ಬರ್ತೀನಿ ಎಂದೂ ಹೇಳದೆ ಹೊರಗೆ ಬಂದಳು.

ಕಾರಿನೊಳಗೆ ಬೆಂಕಿಯಂಥ ಸೆಕೆ. ವರದಿ ಫೋನಿನಲ್ಲೇ ಸಿದ್ಧವಿತ್ತು, ಭಾಸ್ಕರನಿಗೆ ಕಳಿಸುವುದೊಂದು ಬಾಕಿ. ಚಿದಾನಂದ್ ಆಮೋಸನನ್ನು ನೋಡೇ ಇಲ್ಲವೆಂದ ಮೇಲೆ ಪತ್ರ ಖೋಟಾ ಎಂಬುದರಲ್ಲಿ ಅನುಮಾನವಿರಲಿಲ್ಲ. ಖೋಟಾ ಮಾಡಿದವರು ಯಾರು ಎಂಬ ಜಾಗದಲ್ಲಿ ಬೆಳಿಗ್ಗೆಯೇ ಚಿದಾನಂದ್ ದೇಸಾಯಿ ಎಂದು ಬರೆದಿಟ್ಟಿದ್ದಳು. ಹಾಗೇ ಕಳಿಸಿದರೆ ಹುಡುಗಿ ಉಳಿಯುತ್ತಾಳೆ. ಆದರೆ ಅದು ಸುಳ್ಳು ವರದಿ.

ತನ್ನನ್ನೇ ಕಳ್ಳಿ ಮಾಡುವ ಪತ್ರವನ್ನು ಯಾರಾದರೂ ಕೈಯಾರೆ ಬರೆಯುತ್ತಾರೆಯೇ? ಬರೆಯುವುದಿಲ್ಲ. ಆದರೆ ಅದರೊಳಗೊಂದು ಹುಳುಕನ್ನು ತಾನೇ ಇಟ್ಟು, ಬೇಕಾದ ದಿನ ತಾನೇ ತೋರಿಸಿಕೊಡಬಹುದೆಂದು ಗೊತ್ತಿದ್ದರೆ? ಆ ಅಕ್ಷರಕ್ಕೆ ನಂಬರ್ ಬಂದ ತಿಂಗಳನ್ನು ಈ ಊರುಗಳಲ್ಲೆಲ್ಲ ಬಾಯಿಪಾಠ ಹೇಳುವವಳು ಒಬ್ಬಳೇ. ಆಸೆಬುರುಕ ಮಾಲೀಕ ಪತ್ರವನ್ನು ಬಾಚಿಕೊಳ್ಳುತ್ತಾನೆ, ಕಳ್ಳನಾಗುತ್ತಾನೆ. ಪುಸ್ತಕ ಎಲ್ಲಿ ಹೋಯಿತೆಂದು ಆಮೇಲೆ ಅವಳನ್ನು ಯಾರೂ ಕೇಳುವುದಿಲ್ಲ.

ಗಂಗವ್ವನಿಗೆ ಈ ಯೋಚನೆ ಸೇರಲಿಲ್ಲ. ಬೆಳಿಗ್ಗೆ ಆ ಹುಡುಗಿಯ ಕಣ್ಣಲ್ಲಿ ಬಂದ ನೀರು ನಿಜವಾದದ್ದೇ ಇತ್ತು. ಮುದುಕಿಗೆ ಎಂಬತ್ತೊಂದು, ಯಾರನ್ನೋ ಸಿಂಚನಾ ಎಂದುಕೊಂಡಿರಬಹುದು.

ಫೋನ್ ಹೊಡೆದುಕೊಂಡಿತು. ಸಿಂಚನಾ.

“ಆಂಟಿ, ಕಳಿಸಿದ್ರಾ? ಇನ್ನು ಇಪ್ಪತ್ತೇ ನಿಮಿಷ ಇದೆ. ಭಾಸ್ಕರ ಅಂಕಲ್ ಕಾಯ್ತಿದಾರೆ.”

“ಕಳಸ್ತೀನಿ ಯವ್ವಾ. ಒಂದು ಮಾತು ಹೇಳು. ಆ ಎಂ-ವಿ ಅಕ್ಷರ ಐತೆಲ್ಲ, ಅದನ್ನ ಬಾಯಿಲೆ ಹೆಂಗ ಅಂತಾರ?”

ಆ ಕಡೆ ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಗಂಗವ್ವ ಪರದೆ ನೋಡಿದಳು. ಕಟ್ಟಾಗಿರಲಿಲ್ಲ. ಸೆಕೆಂಡುಗಳು ಓಡುತ್ತಿದ್ದವು.

“ಮ್ವ,” ಎಂದಳು ಸಿಂಚನಾ. “ಮ್ವ ಅಲ್ವಾ ಆಂಟಿ? ನಾನ್ಯಾವತ್ತು ಕೇಳಿದೀನಿ ಅದನ್ನ?”

ಅದನ್ನು ಕೇಳಿದ್ದೀಯಾ ಎಂದು ಗಂಗವ್ವ ಪ್ರಶ್ನಿಸಿಯೇ ಇರಲಿಲ್ಲ. ಆಕೆ ಫೋನ್ ಇಟ್ಟು, ವರದಿ ತೆರೆದು, ಚಿದಾನಂದ್ ದೇಸಾಯಿ ಎಂಬ ಹೆಸರನ್ನು ಅಳಿಸಿದಳು. ಆ ಖಾಲಿ ಜಾಗದಲ್ಲಿ ಏನೂ ಬರೆಯಲಿಲ್ಲ. ಐದು ಗಂಟೆಯಾದರೂ ಕಳಿಸಲಿಲ್ಲ.